ವೇದಿಕೆಯ ಮೇಲೆ ಐದು ಮೈಕು

ಶಾಲೆಯ ವಾರ್ಷಿಕೋತ್ಸವದಲ್ಲೋ ಗಣೇಶನ ಹಬ್ಬದ ಪೆಂಡಾಲಿನಲ್ಲೋ ಸುಗಮ ಸಂಗೀತದ ತಂಡವನ್ನು ನೀವು ನೋಡಿರುತ್ತೀರಿ. ನಡುವೆ ಗಾಯಕಿ, ಅಕ್ಕಪಕ್ಕ ಹಾರ್ಮೋನಿಯಂ, ತಬಲಾ, ಕೊಳಲು, ಹಿಂದೆ ಕೀಬೋರ್ಡ್. ಮೈಕುಗಳನ್ನು ಎಣಿಸಿ. ಗಾಯಕಿಗೊಂದು, ಹಾರ್ಮೋನಿಯಂಗೊಂದು, ಕೊಳಲಿಗೊಂದು, ತಬಲಾ ಜೋಡಿಗೆ ಮಾತ್ರ ಎರಡು. ಕೀಬೋರ್ಡಿಗೆ ಮೈಕು ಬೇಕಿಲ್ಲ, ಅದರ ವೈರು ನೇರವಾಗಿ, ಎಲ್ಲ ದನಿಗಳನ್ನೂ ಕೂಡಿಸುವ ಮಿಕ್ಸರಿಗೆ ಹೋಗುತ್ತದೆ. ಮನೆಯಲ್ಲಿ ಒಂದೇ ಮೊಬೈಲಿನಲ್ಲಿ ಹಾಡು ರೆಕಾರ್ಡ್ ಮಾಡುತ್ತೇವಲ್ಲ, ಇಲ್ಲೇಕೆ ಐದು ಮೈಕು?

ಮೊದಲು ಮೈಕಿನ ಒಳಗೆ ಇಣುಕೋಣ. ಹಾಡುವವರು ಕೈಯಲ್ಲಿ ಹಿಡಿಯುವ ಮೈಕಿನ ಜಾಲರಿಯ ಹಿಂದೆ ತೆಳ್ಳನೆಯ ಒಂದು ಪೊರೆಯಿದೆ. ಅದಕ್ಕೆ ಸಣ್ಣ ತಂತಿಯ ಸುರುಳಿ ಅಂಟಿಕೊಂಡಿದೆ, ಸುರುಳಿಯ ಸುತ್ತ ಅಯಸ್ಕಾಂತ. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಅದು ಬಂದು ತಾಗಿದಾಗ ಪೊರೆ ಒಳಕ್ಕೂ ಹೊರಕ್ಕೂ ಅಲುಗುತ್ತದೆ. ಜೊತೆಗೆ ಸುರುಳಿಯೂ ಅಲುಗಿ, ಅದರಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಬಂದದ್ದು ತಬಲಾದ ಶಬ್ದವೋ, ಗಾಯಕಿಯ ದನಿಯೋ, ಸಭೆಯಲ್ಲಿ ಅಳುವ ಮಗುವೋ, ಪೊರೆಗೆ ಎಲ್ಲವೂ ಒಂದೇ.

ನಮ್ಮ ಕಿವಿ ಹಾಗಲ್ಲ. ಅದರ ಹಿಂದೆ ಮಿದುಳಿದೆ. ಗದ್ದಲದ ಸಂತೆಯಲ್ಲೂ ಅಮ್ಮ ಕರೆದದ್ದು ನಮಗೆ ಗೊತ್ತಾಗುತ್ತದೆ. ಮೈಕಿಗೆ ಆ ಜಾಣತನ ಇಲ್ಲದ್ದರಿಂದ ಅದನ್ನು ಬೇಕಾದ ಶಬ್ದದ ಹತ್ತಿರಕ್ಕೇ ಒಯ್ಯಬೇಕು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಗಾಳಿಯ ಒತ್ತಡದ ಆ ಏರಿಳಿತ ಅರ್ಧಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಮೂರನೇ ಒಂದು ಭಾಗಕ್ಕೆ. ಹಾಗಾಗಿ ಗಾಯಕಿಯ ತುಟಿಗೂ ಮೈಕಿಗೂ ನಾಲ್ಕು ಬೆರಳಿನಷ್ಟೇ ಅಂತರ. ಕೊಳಲಿನ ಮೈಕನ್ನು ಕೊಳಲಿನ ತುದಿಯಲ್ಲಿ ಇಡುವುದಿಲ್ಲ. ನಾದ ಹೊಮ್ಮುವುದು ಊದುವ ರಂಧ್ರದಿಂದ ಮತ್ತು ಬೆರಳು ತೆರೆದ ರಂಧ್ರಗಳಿಂದ. ಮೈಕು ಅಲ್ಲೇ ಇರುತ್ತದೆ, ಉಸಿರು ನೇರವಾಗಿ ಬಡಿಯದಂತೆ ತುಸು ಓರೆಯಾಗಿ.

ಈಗ ನಿಜವಾದ ತೊಡಕು. ತಬಲಾದ ಶಬ್ದ ತಬಲಾದ ಮೈಕಿಗೂ ಹೋಗುತ್ತದೆ, ಸ್ವಲ್ಪ ತಡವಾಗಿ ಗಾಯಕಿಯ ಮೈಕಿಗೂ ಹೋಗುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ 34 ಸೆಂಟಿಮೀಟರ್ ಸಾಗಲು ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಬೇಕು. ಇಷ್ಟರಿಂದ ಏನಾದೀತು ಎನ್ನಬೇಡಿ. ಸೆಕೆಂಡಿಗೆ 500 ಸಲ ಕಂಪಿಸುವ ಒಂದು ನಾದವನ್ನು ತೆಗೆದುಕೊಳ್ಳಿ. ತಬಲಾದಿಂದ ಎರಡು ಮೈಕುಗಳಿಗಿರುವ ದೂರದಲ್ಲಿ 34 ಸೆಂಟಿಮೀಟರ್ ವ್ಯತ್ಯಾಸವಿದ್ದರೆ, ಎರಡನೆಯದಕ್ಕೆ ಆ ನಾದ ಸರಿಯಾಗಿ ಅರ್ಧ ಕಂಪನದಷ್ಟು ತಡ. ಒಂದು ಮೈಕಿನ ಪೊರೆ ಒಳಕ್ಕೆ ಹೋಗುವಾಗ ಇನ್ನೊಂದರ ಪೊರೆ ಹೊರಕ್ಕೆ ಬರುತ್ತದೆ. ಎರಡನ್ನೂ ಮಿಕ್ಸರಿನಲ್ಲಿ ಕೂಡಿಸಿದರೆ ಒಂದನ್ನೊಂದು ಕಳೆದುಹಾಕುತ್ತವೆ! ಆದರೆ ಸೆಕೆಂಡಿಗೆ 1000 ಸಲ ಕಂಪಿಸುವ ನಾದಕ್ಕೆ ಅದೇ ತಡ ಪೂರ್ತಿ ಒಂದು ಕಂಪನದಷ್ಟು, ಆದ್ದರಿಂದ ಅದು ಇನ್ನಷ್ಟು ಜೋರಾಗುತ್ತದೆ. ಹೀಗೆ ಕೆಲವು ಕಂಪನಗಳು ಮುಳುಗಿ, ಕೆಲವು ಉಬ್ಬಿ, ತಬಲಾದ ತುಂಬು ನಾದ ಪೊಳ್ಳಾಗಿಬಿಡುತ್ತದೆ.

ಶಬ್ದಕ್ಕೆ ಶಬ್ದ ಸೇರಿದರೆ ಮೌನ ಹುಟ್ಟುತ್ತದೆಂದು ನಂಬಲಾಗುತ್ತಿಲ್ಲವೇ? ಶಾಲೆಯ ಪ್ರಯೋಗಾಲಯದಲ್ಲಿ ಟೀಚರನ್ನು ಕೇಳಿ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ತೆಗೆದುಕೊಳ್ಳಿ. ರಬ್ಬರಿನ ತುಂಡಿಗೆ ಬಡಿದು, ಕಿವಿಯ ಬಳಿ ಹಿಡಿದು, ಹಿಡಿಯನ್ನು ಬೆರಳುಗಳ ನಡುವೆ ನಿಧಾನವಾಗಿ ತಿರುಗಿಸಿ. ಒಂದು ಸುತ್ತಿನಲ್ಲಿ ನಾಲ್ಕು ಕಡೆ ದನಿ ಅಡಗಿದಂತಾಗುತ್ತದೆ. ಕವೆಯ ಒಳಗಿನಿಂದ ಬರುವ ಅಲೆಯೂ ಹೊರಗಿನಿಂದ ಬರುವ ಅಲೆಯೂ ಅಲ್ಲಿ ಒಂದನ್ನೊಂದು ಅಳಿಸುತ್ತಿರುತ್ತವೆ.

ಮೈಕುಗಳ ಈ ತೊಡಕಿಗೆ ರೆಕಾರ್ಡಿಂಗ್ ಮಾಡುವವರ ಬಳಿ ಸರಳವಾದ ಲೆಕ್ಕವಿದೆ. ಮೈಕು ತನ್ನ ವಾದ್ಯದಿಂದ ಒಂದು ಅಡಿ ದೂರವಿದ್ದರೆ ಪಕ್ಕದ ಮೈಕು ಕನಿಷ್ಠ ಮೂರು ಅಡಿ ಆಚೆ ಇರಲಿ. ಆಗ ಅಲ್ಲಿಗೆ ತಲುಪುವ ದನಿ ಕ್ಷೀಣವಾಗಿ, ಅಳಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಜೊತೆಗೆ, ವೇದಿಕೆಯ ಬಹುಪಾಲು ಮೈಕುಗಳಿಗೆ ಬೆನ್ನ ಕಡೆ ಕಿವುಡು. ಗಾಯಕಿಗೆ ತನ್ನ ಹಾಡು ಕೇಳಿಸಲೆಂದು ಇಡುವ ಸ್ಪೀಕರ್ ಮೈಕಿನ ಬೆನ್ನ ಹಿಂದಿರುವುದು ಇದೇ ಕಾರಣಕ್ಕೆ. ಮುಂದಿದ್ದರೆ ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು, ಸುತ್ತಿ ಸುತ್ತಿ ಕುಂಯ್ ಎಂದು ಕಿರುಚುತ್ತದೆ.

ಕಾರ್ಯಕ್ರಮವನ್ನು ರೆಕಾರ್ಡ್ ಮಾಡುವಾಗ ಪ್ರತಿ ಮೈಕಿನ ದನಿಯೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಟ್ರ್ಯಾಕಿನಲ್ಲಿ ದಾಖಲಾಗುತ್ತದೆ. ಒಂದೊಂದು ಟ್ರ್ಯಾಕಿಗೂ ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಳತೆಗಳು! ಮರುದಿನ ಕೂತು ಕೊಳಲನ್ನು ತುಸು ಏರಿಸಬಹುದು, ಹಾರ್ಮೋನಿಯಂ ಇಳಿಸಬಹುದು. ಚಪ್ಪಾಳೆಗೆಂದು ವೇದಿಕೆಯಿಂದ 17 ಮೀಟರ್ ದೂರದಲ್ಲಿ ಇನ್ನೊಂದು ಮೈಕಿಟ್ಟಿದ್ದರೆ, ಅದಕ್ಕೆ ಹಾಡು ತಲುಪುವುದು ಸೆಕೆಂಡಿನ 20ನೇ ಒಂದು ಭಾಗ ತಡವಾಗಿ. ಆ ಟ್ರ್ಯಾಕನ್ನು ಅಷ್ಟೇ ಹಿಂದಕ್ಕೆ ಸರಿಸಿ ಹೊಂದಿಸುತ್ತಾರೆ. ಆದರೆ ಗಾಯಕಿಯ ಮೈಕಿನೊಳಗೆ ಜೋರಾಗಿ ನುಗ್ಗಿದ ತಬಲಾವನ್ನು ಆಮೇಲೆ ಪೂರ್ತಿ ಕಿತ್ತುಹಾಕುವುದು ಬಲು ಕಷ್ಟ. ಹಾಡು ಶುರುವಾಗುವ ಮೊದಲು ಮೈಕನ್ನು ಒಂದು ಗೇಣು ಆಚೀಚೆ ಸರಿಸುತ್ತಾ ನಿಲ್ಲುವವರು ಮಾಡುತ್ತಿರುವುದೇ ಅತಿ ಮುಖ್ಯವಾದ ಕೆಲಸ.

ಒಂದು ದಿನ ನೀವೂ ವೇದಿಕೆ ಹತ್ತುತ್ತೀರಿ. ಆಗ ಮೈಕು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಉಫ್ ಎಂದು ಊದಬೇಡಿ, ಬೆರಳಿನಿಂದ ಕುಟ್ಟಬೇಡಿ. ಒಳಗಿನ ಪೊರೆ ತೆಳ್ಳಗಿದೆ. ನಿಮ್ಮ ಹೆಸರು ಹೇಳಿ, ಸಾಕು.