ಚಪ್ಪಲಿ ವಾಸನೆಗೆ ಮೂರ್ಛೆ ನಿಲ್ಲುವುದೇ?

(ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈಗ ಒಳಗೆ ಬರುವಾಗ ಬಾಗಿಲ ಹತ್ತಿರ ಒಂದು ಚಪ್ಪಲಿ ಮಗುಚಿ ಬಿದ್ದಿತ್ತು. ನಿಮ್ಮಲ್ಲೇ ಒಬ್ಬರು ಕೂಡಲೇ ಕಾಲಿನಿಂದ ಅದನ್ನು ಸರಿಮಾಡಿದರು. ಮಗುಚಿದ್ರೆ ಮನೇಲಿ ಜಗಳ ಆಗ್ತದೆ ಅಂತ ಕೇಳಿಯೇ ನಾವೆಲ್ಲ ಬೆಳೆದವರು. ದೇವಸ್ಥಾನದಲ್ಲಿ ಚಪ್ಪಲಿ ಕಳುವಾದರೆ ಶನಿ ಕಳೀತು ಅಂತೀವಿ. ದೃಷ್ಟಿ ತಾಗಬಾರದು ಅಂತ ಲಾರಿಗೆ ಹಳೇ ಚಪ್ಪಲಿ ಕಟ್ತೀವಿ. ಆಳಂದ ತಾಲ್ಲೂಕಿನ ಗೋಳಾ (ಬಿ) ಗ್ರಾಮದಲ್ಲಿ ಲಕ್ಕಮ್ಮ ದೇವಿಗೆ ಚಪ್ಪಲಿಯನ್ನೇ ಹರಕೆ ಒಪ್ಪಿಸುತ್ತಾರೆ. ಒಂದು ಕಡೆ ಅಪಶಕುನ, ಇನ್ನೊಂದು ಕಡೆ ಕಾವಲು, ಮತ್ತೊಂದು ಕಡೆ ಹರಕೆ! ಇವುಗಳಿಂದ ಯಾರಿಗೂ ದೊಡ್ಡ ನಷ್ಟವಿಲ್ಲ. ಜಗಳ ಆಡಲು ನಾನು ಬಂದಿಲ್ಲ.

ನಾನು ಹೇಳಬೇಕಾದ್ದು ಬೇರೆ. ಹೊಸದುರ್ಗದ ಕಡೆ ಒಂದು ಸಂತೆಯಲ್ಲಿ ಹದಿನೈದು ಹದಿನಾರು ವರ್ಷದ ಹುಡುಗಿಗೆ ಫಿಟ್ಸ್ ಬಂದು ಬಿದ್ದಳು. ಸುತ್ತ ಜನ ಮುತ್ತಿದರು. ಒಬ್ಬರು ಕೈಗೆ ಬೀಗದ ಕೈ ತುರುಕಿದರು, ಇನ್ನೊಬ್ಬರು ಚಪ್ಪಲಿ ಬಿಚ್ಚಿ ಮೂಗಿಗೆ ಒತ್ತಿಹಿಡಿದರು. ಸ್ವಲ್ಪ ಹೊತ್ತಿಗೆ ಅದುರುವುದು ನಿಂತಿತು. "ನೋಡಿದ್ರಾ, ಚಪ್ಪಲಿ ವಾಸ್ನೆಗೆ ಗಾಳಿ ಬಿಡ್ತು" ಅಂದರು.

ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ನಮ್ಮ ಮಿದುಳು ಸಣ್ಣ ಸಣ್ಣ ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ಅದು ಒಮ್ಮೆಲೇ ಏರುಪೇರಾದರೆ ಮೂರ್ಛೆ ಬರುತ್ತದೆ. ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಚಪ್ಪಲಿ ಹುಡುಕಿ ತಂದು ಹಿಡಿಯುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ, ಹೆಸರು ಮಾತ್ರ ಚಪ್ಪಲಿಗೆ! ಆದರೆ ಉಸಿರಿಗೆ ಒದ್ದಾಡುವವರ ಮೂಗು ಮುಚ್ಚುವುದು ಅಪಾಯ.

ಹಾಗಾದ್ರೆ ಏನ್ ಮಾಡ್ಬೇಕು? ಒಲೆ, ಬಾವಿ, ಕಲ್ಲು ಹತ್ತಿರವಿದ್ದರೆ ದೂರ ಸರಿಸಿ. ತಲೆ ಕೆಳಗೆ ಸೆರಗು ಮಡಚಿ ಇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕುತ್ತಿಗೆಯ ಬಟ್ಟೆ ಸಡಿಲ ಮಾಡಿ. ಕೈಕಾಲು ಬಿಗಿಯಾಗಿ ಅದುಮಬೇಡಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಮತ್ತೆ ಬಂದರೆ, ಬಸುರಿಯಾಗಿದ್ದರೆ, ಕೂಡಲೇ 108ಕ್ಕೆ ಫೋನ್ ಮಾಡಿ.

ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಚಪ್ಪಲಿ ನೆನೆಸಿದ ನೀರು ಕುಡಿಸುವುದು, ಮೆಣಸಿನಕಾಯಿ ಹೊಗೆ ಹಾಕುವುದು ಈಗ ಅಪರಾಧ. ಕರ್ನಾಟಕದಲ್ಲಿ 2017ರಲ್ಲಿ ಕಾಯಿದೆ ಆಗಿ 2020ರ ಜನವರಿಯಿಂದ ಜಾರಿಯಲ್ಲಿದೆ. ಏಳು ವರ್ಷದ ತನಕ ಜೈಲು ಶಿಕ್ಷೆ ಆಗಬಹುದು.

ಆ ಹುಡುಗಿಯ ತಾಯಿಯನ್ನು ಆಮೇಲೆ ಮಾತಾಡಿಸಿದೆ. ಡಾಕ್ಟರು ಮಾತ್ರೆ ಕೊಟ್ಟಿದ್ದರಂತೆ. ಆರು ತಿಂಗಳು ನುಂಗಿದಳು, ಮೂರ್ಛೆ ಬರಲಿಲ್ಲ. ವಾಸಿಯಾಯ್ತಲ್ಲ ಎಂದು ನಿಲ್ಲಿಸಿದರು. "ದಿನಾ ಮಾತ್ರೆ ತಿಂತಾಳೆ ಅಂತ ಗೊತ್ತಾದ್ರೆ ಯಾರು ಮದುವೆ ಆಗ್ತಾರಕ್ಕಾ?" ಅಂದು ಅತ್ತುಬಿಟ್ಟಳು. ನನಗೆ ಚಪ್ಪಲಿಗಿಂತ ಹೆಚ್ಚು ನೋವಾದದ್ದು ಈ ಮಾತಿಗೆ. ಮಾತ್ರೆ ನಿಲ್ಲಿಸುವ ಸಮಯವನ್ನು ಡಾಕ್ಟರೇ ಹೇಳಬೇಕು. ಸರಿಯಾಗಿ ತೆಗೆದುಕೊಂಡರೆ ಹೆಚ್ಚಿನವರಿಗೆ ಮೂರ್ಛೆ ಹತೋಟಿಗೆ ಬರುತ್ತದೆ. ಓದಬಹುದು, ಡಾಕ್ಟರ ಸಲಹೆ ಪಡೆದು ಮದುವೆಯಾಗಿ ಮಕ್ಕಳನ್ನೂ ಹೆರಬಹುದು.

ನಿಮ್ಮ ಸಂಘದಲ್ಲಿ, ಓಣಿಯಲ್ಲಿ ಇಂಥವರು ಇದ್ದರೆ ಚೀಟಿಯಲ್ಲಿ ಹೆಸರು ಬರೆಯಬೇಡಿ, ಎಲ್ಲರ ಮುಂದೆ ಹೇಳಲೂ ಬೇಡಿ. ಸಭೆ ಮುಗಿದ ಮೇಲೆ ನಾನು ಬೇವಿನ ಮರದ ಹತ್ತಿರ ಕೂತಿರ್ತೀನಿ, ಅಲ್ಲಿಗೆ ಬನ್ನಿ. ಜಿಲ್ಲಾ ಆಸ್ಪತ್ರೆಗೆ ಯಾವತ್ತು ಹೋಗೋಣ ಅಂತ ಮಾತಾಡೋಣ.