ಸೂರ್ಯನ ಚಿತ್ರ ನಮ್ಮ ಪರದೆಗೆ



ಲಗ್ಗೆರೆಯ ಪಕ್ಕದ ಪೀಣ್ಯ ಎಂದರೆ ನಮಗೆ ಮೊದಲು ನೆನಪಾಗುವುದು ಕಾರ್ಖಾನೆಗಳು. ಆ ಕಾರ್ಖಾನೆಗಳ ನಡುವೆಯೇ, ನಮ್ಮ ಉಪಗ್ರಹಗಳ ಜಾಡು ಹಿಡಿದು ಅವುಗಳಿಗೆ ಆದೇಶ ಕಳಿಸುವ ಇಸ್ಟ್ರಾಕ್ ಸಂಸ್ಥೆಯೂ ಇದೆ. ಅದರ ದೊಡ್ಡ ಆಂಟೆನಾಗಳು ಇರುವುದು ಕೆಂಗೇರಿಯಾಚೆಯ ಬ್ಯಾಲಾಳುವಿನಲ್ಲಿ. ಒಂದರ ತಟ್ಟೆಯ ಅಗಲವೇ 32 ಮೀಟರ್. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದಿಂದ ಕಳಿಸಿದ ಸೂರ್ಯನ ಚಿತ್ರಗಳು ಬ್ಯಾಲಾಳುವಿನ ದತ್ತಾಂಶ ಕೇಂದ್ರದಲ್ಲಿ ಶೇಖರವಾಗುತ್ತವೆ. ಹೆಸರು ನೋಂದಾಯಿಸಿ 'ಪ್ರದಾನ್' ಜಾಲತಾಣದಿಂದ ನೀವೂ ಅವುಗಳನ್ನು ಇಳಿಸಿಕೊಳ್ಳಬಹುದು.

ಇಳಿಸಿಕೊಂಡಿರಿ ಎನ್ನೋಣ. ಕಡತವನ್ನು ತೆರೆಯಲು ಹೋದರೆ ಮನೆಯ ಕಂಪ್ಯೂಟರ್ ಕೈಚೆಲ್ಲುತ್ತದೆ. ಏಕೆಂದರೆ ಅದು ಜೆಪೆಗ್ ಅಲ್ಲ, 'ಫಿಟ್ಸ್' ಎಂಬ ಬೇರೆಯೇ ಮಾದರಿಯ ಕಡತ. ಒಂದೊಂದು ವೀಕ್ಷಣಾಲಯವೂ ತನ್ನದೇ ರೀತಿಯಲ್ಲಿ ಟೇಪಿನ ಸುರುಳಿಗಳಲ್ಲಿ ಚಿತ್ರ ತುಂಬಿಡುತ್ತಿದ್ದ ಕಾಲದಲ್ಲಿ, ಒಬ್ಬರದು ಇನ್ನೊಬ್ಬರಿಗೆ ಓದಲು ಬರಲೆಂದು ಖಗೋಳಜ್ಞರು ಮಾಡಿಕೊಂಡ ಒಪ್ಪಂದ ಇದು. 1982ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಇದಕ್ಕೆ ಮನ್ನಣೆ ಕೊಟ್ಟಿತು. ಕಡತದ ತಲೆಯಲ್ಲಿ ಸಾಲಿಗೆ 80 ಅಕ್ಷರಗಳಂತೆ ಒಂದು ಬರಹ ಇರುತ್ತದೆ: ಚಿತ್ರ ತೆಗೆದ ದಿನ, ವೇಳೆ, ಉಪಕರಣ, ಫಿಲ್ಟರ್. ಹಳೆಯ ಪಂಚ್ ಕಾರ್ಡಿನಲ್ಲಿ 80 ಅಕ್ಷರ ಹಿಡಿಸುತ್ತಿತ್ತು; ಕಾರ್ಡು ಹೋಯಿತು, ಅಳತೆ ಉಳಿಯಿತು! ಈ ಬರಹದ ಕೆಳಗೆ ಇರುವುದು ಬರೀ ಅಂಕಿಗಳು, ಒಂದೊಂದು ಬಿಂದುವಿಗೆ ಬಿದ್ದ ಬೆಳಕಿನ ಲೆಕ್ಕ.

ಇದನ್ನು ಜೆಪೆಗ್‌ಗೆ ಬದಲಾಯಿಸುವುದು ಡಿಎಸ್9 ಎಂಬ ಉಚಿತ ತಂತ್ರಾಂಶದಲ್ಲಿ ಕೆಲವೇ ನಿಮಿಷಗಳ ಕೆಲಸ. ಆದರೆ ಆ ನಿಮಿಷಗಳಲ್ಲಿ ಏನಾಗುತ್ತದೆ? 16 ಬಿಟ್‌ನ ಒಂದು ಬಿಂದುವಿನಲ್ಲಿ 65,536 ಮಟ್ಟಗಳ ಬೆಳಕನ್ನು ಬರೆದಿಡಬಹುದು. ಸಾಮಾನ್ಯ ಜೆಪೆಗ್‌ನ ಕಪ್ಪು-ಬಿಳುಪು ಚಿತ್ರದಲ್ಲಿ ಇರುವುದು 256 ಛಾಯೆಗಳು ಮಾತ್ರ. ಎಂದರೆ 256 ಮಟ್ಟಗಳನ್ನು ಒಂದೇ ಛಾಯೆಗೆ ತುರುಕಬೇಕು. ಮೂಲದಲ್ಲಿ 1030 ಮತ್ತು 1270 ಎಂದಿದ್ದ ಎರಡು ಬಿಂದುಗಳು ಈಗ ಒಂದೇ ಕಪ್ಪಾಗಿ ಕಾಣುತ್ತವೆ. ಸೌರಕಲೆಯ ಕಪ್ಪು ನಡುಭಾಗದೊಳಗೆ ಅಡಗಿರುವ ಏರಿಳಿತ ಹೀಗೇ ಮಾಯವಾಗುವುದು. ಆದ್ದರಿಂದ ಮಟ್ಟಗಳನ್ನು ಸಮನಾಗಿ ಹಂಚದೆ, ಲಾಗರಿದಮ್ ಲೆಕ್ಕದಲ್ಲಿ ಮಂದ ಬೆಳಕಿಗೆ ಹೆಚ್ಚು ಛಾಯೆಗಳನ್ನು ಕೊಡುವುದುಂಟು. ಆಗ ಕತ್ತಲೆಯ ಭಾಗ ಬಿಚ್ಚಿಕೊಳ್ಳುತ್ತದೆ, ಪ್ರಖರ ಭಾಗದ ವಿವರ ಸೊರಗುತ್ತದೆ. ಯಾವುದು ಬೇಕು, ಯಾವುದನ್ನು ಬಿಡಬಹುದು ಎಂದು ಹೇಳುವವರು ನೀವೇ, ಯಂತ್ರ ಹೇಳಲಾರದು.

ಬಣ್ಣದ ಕಥೆಯೂ ಇಷ್ಟೆ. ಆದಿತ್ಯದ 'ಸೂಟ್' ದೂರದರ್ಶಕ ನೋಡುವುದು ನೇರಳಾತೀತ ಕಿರಣಗಳನ್ನು. ಅವು ಕಣ್ಣಿಗೆ ಕಾಣುವಂಥವಲ್ಲ. ಪತ್ರಿಕೆಗಳಲ್ಲಿ ಅದರ ಸೂರ್ಯ ಬಣ್ಣ ಹೊತ್ತು ಬಂದರೆ, ಅದು ಆಮೇಲೆ ಹಚ್ಚಿದ ಬಣ್ಣ.

ಶಾಲೆಯ ಗೋಡೆಗೆ ಅಂಟಿಸಲು ಜೆಪೆಗ್ ಧಾರಾಳ ಸಾಕು. ಆದರೆ ಯಾವ ಜಾಗ ಎಷ್ಟು ಪ್ರಕಾಶಮಾನ ಎಂದು ಅಳೆಯಬೇಕಾದರೆ ಮೂಲ ಫಿಟ್ಸ್ ಕಡತವೇ ಆಗಬೇಕು. ಜೆಪೆಗ್ ಗಾತ್ರ ತಗ್ಗಿಸಲು ಅಂಕಿಗಳನ್ನೇ ತಿದ್ದುತ್ತದೆ, ತಲೆಬರಹವೂ ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತದೆ. 16 ಬಿಟ್‌ನ ಪಿಎನ್‌ಜಿ ಎಷ್ಟೋ ವಾಸಿ. ಚಿತ್ರದ ಅಡಿಯಲ್ಲಿ ದಿನಾಂಕ, ವೇಳೆ, ಫಿಲ್ಟರ್ ಇಷ್ಟನ್ನಾದರೂ ಕೈಯಾರೆ ಬರೆದಿಡಿ.

ಇನ್ನೊಂದು ಮಾತು. ಫಿಟ್ಸ್ ಚಿತ್ರದ ಮೊದಲ ಸಾಲನ್ನು ಕೆಳಗಿನಿಂದ ಎಣಿಸುವುದು ವಾಡಿಕೆ, ಜೆಪೆಗ್‌ನಲ್ಲಿ ಮೇಲಿನಿಂದ. ನೀವೇ ಪ್ರೋಗ್ರಾಂ ಬರೆದು ಬದಲಾಯಿಸಿದರೆ ಸೂರ್ಯ ತಲೆಕೆಳಗಾಗಿ, ಉತ್ತರಾರ್ಧದ ಸೌರಕಲೆ ದಕ್ಷಿಣಾರ್ಧಕ್ಕೆ ಇಳಿದಿರಬಹುದು. ಅದೇ ದಿನ ನಾಸಾದ ಎಸ್‌ಡಿಓ ನೌಕೆ ತೆಗೆದ ಚಿತ್ರವನ್ನು ಪಕ್ಕದಲ್ಲಿಟ್ಟು, ಕಲೆಗಳು ಒಂದೇ ಕಡೆ ಇವೆಯೇ ನೋಡಿಕೊಳ್ಳಿ.