ಉರಿಮೂತ್ರ: ದೇಹದ ಬೇನೆ, ದುಡಿಮೆಯ ಪ್ರಶ್ನೆ

(ಶಿಕಾಗೊ ಮತ್ತು ಡೆಟ್ರಾಯಿಟ್ ಪ್ರದೇಶದ ಕನ್ನಡಿಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕನ್ನಡದ ಮನೆಗಳಲ್ಲಿ ಮೂತ್ರ ಮಾಡುವಾಗ ಉರಿಯಾದರೆ ಮೊದಲು ಬರುವ ಮಾತು ‘ಉಷ್ಣ ಆಗಿದೆ’ ಎಂಬುದು. ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ, ನೀರುಮಜ್ಜಿಗೆ ಇದಕ್ಕೆ ರೂಢಿಯ ಉಪಚಾರ. ಎರಡು ದಿನದಲ್ಲಿ ಕಡಿಮೆಯಾದರೆ ಸರಿ. ಆಗದಿದ್ದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಯಾರಿಗೂ ಹೇಳಿಕೊಳ್ಳಲಾಗದ ಜಾಗದ ನೋವು ಅದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ಊಟದ ಸಾಲಿನಲ್ಲೇ ಮಾತಾಡುವವರು ಇದೊಂದನ್ನು ಮಾತ್ರ ಗಂಡನಿಗೂ ಮಗಳಿಗೂ ಹೇಳದೆ ಸಹಿಸುತ್ತಾರೆ. ಈ ಬೇನೆ ದೇಹದಲ್ಲಿ ಹೇಗೆ ಹುಟ್ಟುತ್ತದೆ, ಮೌನ ಅದನ್ನು ಹೇಗೆ ಬೆಳೆಸುತ್ತದೆ, ದುಡಿಮೆಯ ವ್ಯವಸ್ಥೆ ಅದಕ್ಕೆ ಹೇಗೆ ದಾರಿ ಮಾಡಿಕೊಡುತ್ತದೆ ಎಂಬ ಮೂರು ಪ್ರಶ್ನೆಗಳು ಈ ಉಪನ್ಯಾಸದ ವಸ್ತು.

ಮೂತ್ರಪಿಂಡಗಳು ರಕ್ತವನ್ನು ಶೋಧಿಸಿ ಮೂತ್ರವನ್ನು ತಯಾರಿಸುತ್ತವೆ. ಅದು ಎರಡು ನಾಳಗಳ ಮೂಲಕ ಮೂತ್ರಕೋಶಕ್ಕೆ ಇಳಿದು, ಅಲ್ಲಿಂದ ಇನ್ನೊಂದು ನಾಳದ ಮೂಲಕ ಹೊರಹೋಗುತ್ತದೆ. ಈ ದಾರಿಯಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ ಉರಿಯೂತ ಉಂಟುಮಾಡಿದರೆ ಅದೇ ಮೂತ್ರನಾಳದ ಸೋಂಕು. ಬಹುಪಾಲು ಸೋಂಕುಗಳಿಗೆ ಕಾರಣ ಎಶರಿಶಿಯಾ ಕೋಲೈ ಎಂಬ ಬ್ಯಾಕ್ಟೀರಿಯಾ. ಅದು ಎಲ್ಲ ಮನುಷ್ಯರ ಕರುಳಿನಲ್ಲೂ ಇರುವಂಥದು. ಕರುಳಿನಲ್ಲಿ ತೊಂದರೆ ಕೊಡದ ಅದು ಮೂತ್ರಕೋಶದ ಗೋಡೆಗೆ ಅಂಟಿಕೊಂಡಾಗ ಬೇನೆಯಾಗುತ್ತದೆ. ಹೆಂಗಸರಲ್ಲಿ ಹೊರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಗಂಡಸರಲ್ಲಿ ಸುಮಾರು 20. ಈ ಅಂತರವೇ ಹೆಂಗಸರಲ್ಲಿ ಸೋಂಕು ಹೆಚ್ಚಲು ಮುಖ್ಯ ಕಾರಣ. ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು ಬದುಕಿನಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ.

ಹೀಗಿರುವಾಗ ಇದನ್ನು ಕೊಳಕುತನದ ಫಲವೆಂದು ಬಗೆಯುವುದಕ್ಕೆ ಆಧಾರವಿಲ್ಲ. ಮಡಿ–ಮೈಲಿಗೆಯ ಲೆಕ್ಕದಲ್ಲಿ ದೇಹವನ್ನು ಅಳೆಯುವ ಸಮಾಜ, ನಾಳದ ಉದ್ದದ ವಿಷಯವನ್ನು ಹೆಣ್ಣಿನ ನಡತೆಯ ವಿಷಯವಾಗಿ ಮಾಡುತ್ತದೆ. ಲೈಂಗಿಕ ಸಂಪರ್ಕದಿಂದ ಬ್ಯಾಕ್ಟೀರಿಯಾ ಮೂತ್ರದ್ವಾರದತ್ತ ಸರಿಯುವುದುಂಟು. ಅಷ್ಟರಿಂದ ಇದು ಲೈಂಗಿಕ ರೋಗವಾಗುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಇಳಿಯುವುದು, ಗರ್ಭಾವಸ್ಥೆ, ಮಧುಮೇಹ, ಮೂತ್ರಪಿಂಡದ ಕಲ್ಲು, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ, ಆಸ್ಪತ್ರೆಯಲ್ಲಿ ಹಾಕುವ ಕ್ಯಾಥೆಟರ್ ಇವೂ ಕಾರಣಗಳು.

ಲಕ್ಷಣಗಳನ್ನು ಎರಡು ಹಂತವಾಗಿ ತಿಳಿಯಬೇಕು. ಸೋಂಕು ಮೂತ್ರಕೋಶದಲ್ಲಿದ್ದರೆ ಉರಿ, ಪದೇ ಪದೇ ಅವಸರ, ಹೋದರೂ ನಾಲ್ಕು ಹನಿ, ಕಿಬ್ಬೊಟ್ಟೆಯ ನೋವು, ಮಬ್ಬಾದ ಅಥವಾ ರಕ್ತ ಬೆರೆತ ಮೂತ್ರ. ಅದು ಮೇಲೇರಿ ಮೂತ್ರಪಿಂಡವನ್ನು ಮುಟ್ಟಿದರೆ ಜ್ವರ, ನಡುಕ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಕರಿಕೆ, ವಾಂತಿ. ಎರಡನೆಯ ಹಂತದಲ್ಲಿ ಕಷಾಯಕ್ಕೆ ಕಾಯುವುದು ಅಪಾಯ. ಸೋಂಕು ರಕ್ತಕ್ಕೆ ಹರಡಿದರೆ ಪ್ರಾಣಕ್ಕೇ ಕುತ್ತು. ಗರ್ಭಿಣಿಯರು, ಗಂಡಸರು, ಮಕ್ಕಳು ಮೊದಲ ಹಂತದಲ್ಲೇ ವೈದ್ಯರನ್ನು ಕಾಣಬೇಕು. ಮುಪ್ಪಿನವರಲ್ಲಿ ಇನ್ನೊಂದು ತೊಡಕಿದೆ: ಯಾವ ಬಾಧೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಅವರಲ್ಲಿ ಸಾಮಾನ್ಯ. ಪರೀಕ್ಷೆಯ ವರದಿಯೊಂದನ್ನೇ ನೋಡಿ ಅವರಿಗೆ ಆಂಟಿಬಯಾಟಿಕ್ ಕೊಡುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು.

‘ಉಷ್ಣ’ ಎಂಬ ಮಾತಿನಲ್ಲಿ ಒಂದು ನಿಜವಿದೆ. ನೀರು ಕುಡಿಯುವುದು ಮತ್ತು ಆಗಾಗ ಮೂತ್ರಕೋಶವನ್ನು ಖಾಲಿ ಮಾಡುವುದು ದೇಹದ ಸಹಜ ರಕ್ಷಣೆ. ಹರಿವಿನ ಜೊತೆ ಬ್ಯಾಕ್ಟೀರಿಯಾ ತೊಳೆದುಹೋಗುತ್ತವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಪದೇ ಪದೇ ಸೋಂಕಿಗೆ ಒಳಗಾಗುತ್ತಿದ್ದ ಮತ್ತು ಕಡಿಮೆ ನೀರು ಕುಡಿಯುತ್ತಿದ್ದ 140 ಹೆಂಗಸರನ್ನು ಒಂದು ವರ್ಷ ಗಮನಿಸಿತು. ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದವರಲ್ಲಿ ಸೋಂಕಿನ ಸರಾಸರಿ 1.7 ಇದ್ದರೆ, ಉಳಿದವರಲ್ಲಿ 3.2 ಇತ್ತು.

ಇಲ್ಲಿಂದ ಮುಂದಿನದು ವೈದ್ಯಕೀಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನೀರು ಕುಡಿಯಿರಿ ಎಂಬ ಸಲಹೆ ಸುಲಭ. ಕುಡಿದವರು ಎದ್ದು ಹೋಗಬೇಕಲ್ಲ! ಯಾರಿಗೆ ಎದ್ದು ಹೋಗುವ ಸ್ವಾತಂತ್ರ್ಯವಿದೆ?

2014ರಲ್ಲಿ ಶಿಕಾಗೊ ನಗರದ ವಾಟರ್‌ಸೇವರ್ ಫಾಸೆಟ್ ಎಂಬ ನಲ್ಲಿ ತಯಾರಿಕೆಯ ಕಾರ್ಖಾನೆ ದೇಶದ ಸುದ್ದಿಯಾಯಿತು. ಶೌಚಾಲಯದ ಬಾಗಿಲಿಗೆ ಕಾರ್ಡ್ ವ್ಯವಸ್ಥೆ ಅಳವಡಿಸಿ, ನಿಗದಿತ ಬಿಡುವುಗಳ ಹೊರಗೆ ದಿನಕ್ಕೆ ಸರಾಸರಿ 6 ನಿಮಿಷಕ್ಕಿಂತ ಹೆಚ್ಚು ಹೊತ್ತು ಒಳಗಿದ್ದವರ ಮೇಲೆ ಶಿಸ್ತುಕ್ರಮ ಕೈಗೊಳ್ಳಲಾಯಿತು. ಬಿಡುವಿನ ಹೊರಗೆ ಹೋಗದವರಿಗೆ ದಿನಕ್ಕೆ ಒಂದು ಡಾಲರಿನ ಬಹುಮಾನವಿತ್ತು. ಆಡಳಿತವು ಉತ್ಪಾದನೆಯ ನಷ್ಟವನ್ನು ಮುಂದಿಟ್ಟು ಇದನ್ನು ಸಮರ್ಥಿಸಿಕೊಂಡಿತು. ಟೀಮ್‌ಸ್ಟರ್ಸ್ ಸಂಘದ 743ನೆಯ ಶಾಖೆ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ದೂರು ಕೊಟ್ಟಿತು. ಕಾನೂನು ಅಷ್ಟರಲ್ಲಿ ಮೌನವಾಗಿರಲಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಆಡಳಿತವು 1998ರ ಏಪ್ರಿಲ್ 6ರಂದೇ, ಕೆಲಸಗಾರರು ಬೇಕೆನಿಸಿದಾಗ ಶೌಚಾಲಯ ಬಳಸಲು ಅವಕಾಶವಿರಬೇಕು, ಅಸಮಂಜಸ ನಿರ್ಬಂಧ ಹೇರಕೂಡದು ಎಂದು ಸ್ಪಷ್ಟಪಡಿಸಿತ್ತು. ಆ ಟಿಪ್ಪಣಿಯಲ್ಲಿ ಮೂತ್ರನಾಳದ ಸೋಂಕಿನ ಉಲ್ಲೇಖವೂ ಇದೆ.

ಡೆಟ್ರಾಯಿಟ್‌ನ ಚರಿತ್ರೆಯಲ್ಲಿ ಇದು ಇನ್ನೂ ಹಳೆಯ ಜಗಳ. 1913ರಲ್ಲಿ ಹೈಲ್ಯಾಂಡ್ ಪಾರ್ಕಿನ ಫೋರ್ಡ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾದಾಗಿನಿಂದ, ದೇಹದ ವೇಳೆಯನ್ನು ಯಂತ್ರದ ವೇಳೆ ಆಳತೊಡಗಿತು. ಬದಲಿ ಕೆಲಸಗಾರ ಬರುವವರೆಗೆ ಸಾಲು ಬಿಡುವಂತಿಲ್ಲ. 1964ರ ಕರಾರಿನ ಮಾತುಕತೆಯಲ್ಲಿ ವಾಹನ ಕಾರ್ಮಿಕರ ಸಂಘ ಮುಂದಿಟ್ಟ ಮುಖ್ಯ ಬೇಡಿಕೆಗಳಲ್ಲಿ ಇಂಥ ಬಿಡುವಿನ ನಿಮಿಷಗಳೂ ಒಂದು. ಅದೇ ನಗರ 2014ರಲ್ಲಿ, ದಿವಾಳಿಯ ನಡುವೆ, ಬಾಕಿ ಕಟ್ಟದ ಸಾವಿರಾರು ಮನೆಗಳ ನೀರು ಕಡಿದಾಗ, ವಿಶ್ವಸಂಸ್ಥೆಯ ತಜ್ಞರು ಅದನ್ನು ಮಾನವ ಹಕ್ಕಿನ ಪ್ರಶ್ನೆಯೆಂದು ಕರೆದರು. ನಲ್ಲಿಯಲ್ಲಿ ನೀರಿಲ್ಲದ ಮನೆಗೆ ‘ಹೆಚ್ಚು ನೀರು ಕುಡಿಯಿರಿ’ ಎಂಬ ವೈದ್ಯರ ಚೀಟಿ ಕ್ರೂರ ಹಾಸ್ಯವಾಗುತ್ತದೆ.

ಕರ್ನಾಟಕದಲ್ಲೂ ಇದೇ ಕಥೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರು ಬಹುತೇಕ ಹೆಂಗಸರು. ಗಂಟೆಯ ಗುರಿ ತಪ್ಪಿದರೆ ಸೂಪರ್‌ವೈಸರನ ಬೈಗುಳ. ಅದಕ್ಕಾಗಿ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ ಎಂದು ಅಲ್ಲಿನ ಸಂಘಟನೆಗಳು ಹೇಳುತ್ತ ಬಂದಿವೆ. 1948ರ ಕಾರ್ಖಾನೆ ಕಾಯಿದೆಯ 19ನೆಯ ಕಲಮು ಮಾತ್ರ, ಕೆಲಸಗಾರರು ಕಾರ್ಖಾನೆಯಲ್ಲಿರುವಷ್ಟು ಹೊತ್ತೂ ಶೌಚಾಲಯ ಅವರಿಗೆ ಎಟುಕುವಂತಿರಬೇಕು ಎಂದು ವಿಧಿಸಿತ್ತು. ಶಿಕಾಗೊದ ಮಾಲ್‌ಗಳಲ್ಲಿ ‘ಮೇಡ್ ಇನ್ ಇಂಡಿಯಾ’ ಎಂಬ ಚೀಟಿ ಹೊತ್ತ ಅಂಗಿಯ ಬೆಲೆಯಲ್ಲಿ ಈ ತಡೆಹಿಡಿದ ನೋವು ಸೇರಿರುವುದಿಲ್ಲ. ಶೌಚದ ಪ್ರಶ್ನೆ ಘನತೆಯ ಪ್ರಶ್ನೆ ಎಂಬುದನ್ನು ಕನ್ನಡ ನಾಡು ಅರಿಯದೇ ಇಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ಇದೇ ಅರಿವಿನಿಂದ.

ವಲಸಿಗರ ಮನೆಯೊಳಗಿನ ಮಾತೂ ಇದೆ. ನೇಪರ್‌ವಿಲ್, ಟ್ರಾಯ್, ನೋವೈಗಳಿಗೆ ಮಕ್ಕಳನ್ನು ನೋಡಲು ಬರುವ ತಾಯಂದಿರು, ವಿಮಾನದಲ್ಲಿ ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು ನೀರು ಬಿಟ್ಟು ಬರುತ್ತಾರೆ. ಉರಿ ಶುರುವಾದರೆ, ‘ವಿಮೆಗೆ ಸಿಗುತ್ತೋ ಇಲ್ಲವೋ, ಮಕ್ಕಳಿಗೆ ಯಾಕೆ ಖರ್ಚು’ ಎಂದು ಸುಮ್ಮನಾಗುತ್ತಾರೆ. ಇಲ್ಲವೇ ಊರಿನಿಂದ ತಂದ ಆಂಟಿಬಯಾಟಿಕ್ ಮಾತ್ರೆಯನ್ನು ತಾವೇ ನುಂಗುತ್ತಾರೆ. ಎರಡೂ ಅಪಾಯ. 2008ರಲ್ಲಿ ಸ್ವೀಡನ್ನಿನಲ್ಲಿದ್ದ ಭಾರತೀಯ ಮೂಲದ ರೋಗಿಯೊಬ್ಬರ ಮೂತ್ರದ ಬ್ಯಾಕ್ಟೀರಿಯಾದಲ್ಲೇ ಎನ್‌ಡಿಎಂ–1 ಎಂಬ ಪ್ರತಿರೋಧಕ ಗುಣ ಮೊದಲು ಪತ್ತೆಯಾದದ್ದು. ಪ್ರಬಲ ಔಷಧಗಳನ್ನೂ ಅದು ನಿಷ್ಫಲಗೊಳಿಸುತ್ತದೆ. ಭಾರತಕ್ಕೆ ಹೋಗಿಬಂದವರು ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾವನ್ನು ಕರುಳಿನಲ್ಲಿ ಹೊತ್ತು ಬರುವ ಸಂಭವ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಇತ್ತೀಚಿನ ಪ್ರಯಾಣವನ್ನು ವೈದ್ಯರಿಗೆ ತಿಳಿಸಬೇಕು, ಔಷಧ ಶುರುಮಾಡುವ ಮೊದಲು ಮೂತ್ರದ ಕಲ್ಚರ್ ಪರೀಕ್ಷೆಯನ್ನು ಕೇಳಬೇಕು. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳನ್ನು, ಬೇರೆ ದಾರಿಯಿರುವಾಗ, ಸರಳ ಸೋಂಕಿಗೆ ಬಳಸಕೂಡದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿದೆ.

ಹಣದ ಭಯಕ್ಕೂ ಒಂದಿಷ್ಟು ಉತ್ತರವಿದೆ. ಆದಾಯಕ್ಕೆ ತಕ್ಕಂತೆ ಶುಲ್ಕ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳು ಎರಡೂ ನಗರಗಳಲ್ಲಿವೆ. ಜ್ವರ, ನಡುಕ ಬಂದಾಗ ತುರ್ತು ವಿಭಾಗವು ಹಣ ಕೊಡುವ ಶಕ್ತಿಯನ್ನು ನೋಡದೆ ಪರೀಕ್ಷಿಸಿ, ಅಪಾಯದಿಂದ ಪಾರುಮಾಡಬೇಕೆಂದು 1986ರ ಕಾಯಿದೆ ಹೇಳುತ್ತದೆ. ಬಿಲ್ಲು ಆಮೇಲೆ ಬರಬಹುದು. ಅದರ ಬಗ್ಗೆ ಚೌಕಾಸಿಗೆ ಅವಕಾಶವಿದೆ, ಕೆಟ್ಟುಹೋದ ಮೂತ್ರಪಿಂಡದ ಬಗ್ಗೆ ಇಲ್ಲ.

ಮನೆಯಲ್ಲಿ ಅಮ್ಮನನ್ನು ‘ಉರಿ ಇದೆಯೇನಮ್ಮ’ ಎಂದು ಮಗನೂ ಕೇಳುವಂತಾಗಬೇಕು. ಆಫೀಸು, ಗೋದಾಮು, ಕಾರ್ಖಾನೆಗಳಲ್ಲಿ ತಮ್ಮ ಕೈಕೆಳಗೆ ದುಡಿಯುವವರ ಬಿಡುವನ್ನು ನಿಗದಿಪಡಿಸುವ ಸ್ಥಾನದಲ್ಲಿ ಇಂದು ಅನೇಕ ಕನ್ನಡಿಗರೂ ಇದ್ದಾರೆ. ಎದ್ದು ಹೋಗುವ ಹಕ್ಕನ್ನು ಅಲ್ಲಿ ಕಾಪಾಡುವುದು ಅವರ ಹೊಣೆ. ಈ ಬೇನೆಯ ಮದ್ದು ಔಷಧದ ಅಂಗಡಿಯಲ್ಲಿ ಅರ್ಧ ಸಿಗುತ್ತದೆ. ಉಳಿದರ್ಧ ಸಿಗುವುದು ನೀರು, ಬಿಡುವು ಮತ್ತು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶೌಚಾಲಯದಲ್ಲಿ.